ಕೋಸು ಕುಟುಂಬದ ಸೊಪ್ಪುಗಳು: ಪೋಷಕಾಂಶ, ರುಚಿ ಮತ್ತು ಬಳಕೆ

ಪೀಠಿಕೆ

ಸಂತೆಯಲ್ಲಿ ಮೂಲಂಗಿ ಕೊಳ್ಳುವವರು ಅದರ ಸೊಪ್ಪನ್ನು ತಿರುಚಿ ತೆಗೆಸಿ ಗೆಡ್ಡೆಯನ್ನು ಮಾತ್ರ ಚೀಲಕ್ಕೆ ಹಾಕಿಸಿಕೊಳ್ಳುವುದು ಸಾಮಾನ್ಯ ದೃಶ್ಯ. ನವಿಲುಕೋಸಿನ ಎಲೆಗಳನ್ನು ವ್ಯಾಪಾರಿಯೇ ಸವರಿ ಹಾಕುತ್ತಾನೆ. ಹೂಕೋಸಿನ ಸುತ್ತಲಿನ ಎಲೆಗಳು ದನಗಳ ಪಾಲಾಗುತ್ತವೆ ಅಥವಾ ಕಸದ ತೊಟ್ಟಿಯನ್ನು ಸೇರುತ್ತವೆ. ಹೀಗೆ ಪ್ರತಿದಿನ ಬಿಸಾಡಲ್ಪಡುವ ಈ ಎಲೆಗಳು, ಹಣ ಕೊಟ್ಟು ಮನೆಗೆ ತರುವ ಗೆಡ್ಡೆ ಮತ್ತು ಹೂವಿಗಿಂತ ಹಲವು ಪೋಷಕಾಂಶಗಳಲ್ಲಿ ಸಮೃದ್ಧವಾಗಿವೆ.

ಇನ್ನೊಂದೆಡೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯೋಮಾನದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ಹಾಗೂ 6ರಿಂದ 59 ತಿಂಗಳ ವಯಸ್ಸಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳು ರಕ್ತಹೀನತೆಯಿಂದ ಬಳಲುತ್ತಿದ್ದರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ (2015-16) ಈ ಪ್ರಮಾಣಗಳು ಕ್ರಮವಾಗಿ ಶೇ. 44.8 ಮತ್ತು ಶೇ. 60.9 ಆಗಿದ್ದವು. ರಕ್ತಹೀನತೆಗೆ ಕಾರಣಗಳು ಅನೇಕ. ಸೊಪ್ಪೊಂದರಿಂದಲೇ ಅದು ನಿವಾರಣೆಯಾಗುವುದಿಲ್ಲ. ಆದರೆ ಪೋಷಕಾಂಶಗಳ ಕೊರತೆಯಿರುವ ಮನೆಯಲ್ಲಿ ಪೋಷಕಾಂಶಯುಕ್ತ ಆಹಾರವು ಕಸವಾಗಿ ಹೋಗುವುದು ತಪ್ಪಿಸಬಹುದಾದ ನಷ್ಟವಾಗಿದೆ.

ಈ ಸೊಪ್ಪುಗಳನ್ನು ಜನರು ದೂರವಿಡಲು ಮುಖ್ಯ ಕಾರಣ ಅವುಗಳ ಕಹಿ, ಘಾಟು ಮತ್ತು ಒರಟುತನ. ಇವನ್ನು ಸೂಕ್ತ ಅಡುಗೆ ವಿಧಾನದಿಂದ ರುಚಿಯಾಗಿ ಮಾರ್ಪಡಿಸಬಹುದು. ಈ ಕುರಿತು ಅಗತ್ಯ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಕುಟುಂಬದ ಪರಿಚಯ

ಮೂಲಂಗಿ, ಸಾಸಿವೆ, ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ, ಟರ್ನಿಪ್ ಮತ್ತು ಕೇಲ್ ಇವೆಲ್ಲವೂ ಬ್ರಾಸಿಕೇಸಿ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿವೆ. ಈ ಗಿಡಗಳ ಹೂವಿನಲ್ಲಿ ನಾಲ್ಕು ಎಸಳುಗಳು ಶಿಲುಬೆಯ ಆಕಾರದಲ್ಲಿ ಜೋಡಣೆಗೊಂಡಿರುವುದರಿಂದ ಈ ಕುಟುಂಬಕ್ಕೆ ಕ್ರೂಸಿಫೆರೆ ಎಂಬ ಹಳೆಯ ಹೆಸರೂ ಇದೆ. ಬಾಣಂತಿಯರಿಗೆ ಉಂಡೆ ಹಾಗೂ ಪಾಯಸದ ರೂಪದಲ್ಲಿ ಕೊಡುವ ಅಳವಿ ಬೀಜವೂ ಇದೇ ಕುಟುಂಬದ ಗಿಡದ್ದಾಗಿದೆ.

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ ಮತ್ತು ಕೇಲ್ ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಅವೆಲ್ಲವೂ ಬ್ರಾಸಿಕ ಒಲರೇಸಿಯ ಎಂಬ ಒಂದೇ ಪ್ರಭೇದದ ರೂಪಗಳು. ರೈತರು ತಲೆಮಾರುಗಳ ಕಾಲ ಆಯ್ಕೆ ಮಾಡುತ್ತ ಬಂದುದರಿಂದ ಒಂದರಲ್ಲಿ ಎಲೆಗಳು ಉಂಡೆಗಟ್ಟಿದವು. ಇನ್ನೊಂದರಲ್ಲಿ ಹೂಗೊಂಚಲು ದಪ್ಪವಾಯಿತು. ಮತ್ತೊಂದರಲ್ಲಿ ಕಾಂಡ ಉಬ್ಬಿತು. ಆದುದರಿಂದ ನವಿಲುಕೋಸಿನ ಅಥವಾ ಹೂಕೋಸಿನ ಎಲೆಯನ್ನು ತಿನ್ನುವುದೆಂದರೆ ಎಲೆಕೋಸಿನ ನಿಕಟ ಬಂಧುವನ್ನೇ ತಿಂದಂತೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎಲೆಕೋಸಿನ ಒಳಗಿನ ಎಲೆಗಳು ಬಿಸಿಲು ಕಾಣದೆ ಬಿಳಿಚಿಕೊಂಡಿರುತ್ತವೆ. ಮೂಲಂಗಿ, ಸಾಸಿವೆ ಹಾಗೂ ನವಿಲುಕೋಸಿನ ಎಲೆಗಳು ಬಿಸಿಲಿನಲ್ಲಿ ಹರಡಿಕೊಂಡು ಕಡು ಹಸಿರಾಗಿರುತ್ತವೆ. ಎ ಜೀವಸತ್ವದ ಮೂಲವಾದ ಕ್ಯಾರೊಟಿನ್ ಅಂಶವು ಹಸಿರು ಎಲೆಯಲ್ಲಿ ಅಧಿಕವಾಗಿದ್ದು, ಬಿಳಿ ಎಲೆಯಲ್ಲಿ ಅತ್ಯಲ್ಪವಾಗಿರುತ್ತದೆ.

ಎಲೆ ಮತ್ತು ಗೆಡ್ಡೆ: ಒಂದು ಹೋಲಿಕೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಸಿದ್ಧಪಡಿಸಿದ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕವನ್ನು ಪ್ರಕಟಿಸಿದೆ. ಅದರಂತೆ ತಿನ್ನಲು ಯೋಗ್ಯವಾದ ಪ್ರತಿ 100 ಗ್ರಾಂ ಹಸಿ ತರಕಾರಿಯಲ್ಲಿರುವ ಕ್ಯಾಲ್ಸಿಯಂ ಪ್ರಮಾಣ ಕೆಳಕಂಡಂತಿದೆ.

1. ಮೂಲಂಗಿ: ಬಿಳಿ ಗೆಡ್ಡೆಯಲ್ಲಿ 35 ಮಿ.ಗ್ರಾಂ, ಸೊಪ್ಪಿನಲ್ಲಿ 265 ಮಿ.ಗ್ರಾಂ.
2. ಹೂಕೋಸು: ಹೂವಿನಲ್ಲಿ 33 ಮಿ.ಗ್ರಾಂ, ಎಲೆಯಲ್ಲಿ 626 ಮಿ.ಗ್ರಾಂ.
3. ನವಿಲುಕೋಸು: ಗೆಡ್ಡೆಯಲ್ಲಿ 20 ಮಿ.ಗ್ರಾಂ, ಎಲೆಯಲ್ಲಿ 740 ಮಿ.ಗ್ರಾಂ.
4. ಸಾಸಿವೆ ಸೊಪ್ಪು: 155 ಮಿ.ಗ್ರಾಂ.
5. ಎಲೆಕೋಸು: 39 ಮಿ.ಗ್ರಾಂ.

ಮೂಲಂಗಿಯ ಉದಾಹರಣೆಯನ್ನೇ ಮುಂದುವರಿಸಿದರೆ, ಇದೇ ಕೋಷ್ಟಕದ ಪ್ರಕಾರ 100 ಗ್ರಾಂ ಗೆಡ್ಡೆಯಲ್ಲಿ ಸಿ ಜೀವಸತ್ವ 15 ಮಿ.ಗ್ರಾಂ ಇದ್ದರೆ, ಸೊಪ್ಪಿನಲ್ಲಿ 81 ಮಿ.ಗ್ರಾಂ ಇದೆ. ಗೆಡ್ಡೆಯಲ್ಲಿ ಕ್ಯಾರೊಟಿನ್ ಹೆಸರಿಗಷ್ಟೇ ಇದ್ದು, ಸೊಪ್ಪಿನಲ್ಲಿ 5,000 ಮೈಕ್ರೊಗ್ರಾಂ ಮೀರಿದೆ.

ಈ ಸಂಸ್ಥೆಯು ದೇಶದ ವಿವಿಧ ಭಾಗಗಳಿಂದ ಮಾದರಿಗಳನ್ನು ಸಂಗ್ರಹಿಸಿ, ಹೊಸದಾಗಿ ಪರೀಕ್ಷಿಸಿ, 2017ರಲ್ಲಿ ಮತ್ತೊಂದು ಕೋಷ್ಟಕವನ್ನು ಹೊರತಂದಿತು. ತಳಿ, ಮಣ್ಣು, ಋತು ಮತ್ತು ಪರೀಕ್ಷಾ ವಿಧಾನಗಳಿಗೆ ಅನುಗುಣವಾಗಿ ಅಂಕಿಗಳು ಬದಲಾಗುತ್ತವೆ. ಆದರೆ ಗೆಡ್ಡೆ ಮತ್ತು ಹೂವಿಗಿಂತ ಎಲೆಯಲ್ಲಿ ಕ್ಯಾಲ್ಸಿಯಂ ಹಲವು ಪಟ್ಟು ಹೆಚ್ಚಿರುತ್ತದೆ ಎಂಬ ಅಂಶದಲ್ಲಿ ಬದಲಾವಣೆಯಿಲ್ಲ.

ಇದನ್ನು ಮನೆಯ ಲೆಕ್ಕಕ್ಕೆ ಹೊಂದಿಸಿ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಗಳ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಅಗತ್ಯ. ಮೇಲಿನ ಕೋಷ್ಟಕದ ಪ್ರಕಾರ 200 ಗ್ರಾಂ ಮೂಲಂಗಿ ಸೊಪ್ಪಿನಲ್ಲಿ 530 ಮಿ.ಗ್ರಾಂ ಕ್ಯಾಲ್ಸಿಯಂ ಲೆಕ್ಕಕ್ಕೆ ಸಿಗುತ್ತದೆ. 100 ಗ್ರಾಂ ಹಸುವಿನ ಹಾಲಿನಲ್ಲಿ 120 ಮಿ.ಗ್ರಾಂ ಇರುವುದರಿಂದ, ಇದು ಸುಮಾರು 440 ಗ್ರಾಂ ಹಾಲಿನಲ್ಲಿರುವ ಕ್ಯಾಲ್ಸಿಯಂಗೆ ಸಮ. ಸೊಪ್ಪು ಹಾಲಿಗೆ ಬದಲಿಯಲ್ಲ; ಹಾಲಿನ ಉತ್ತಮ ಸಸಾರಜನಕ ಮತ್ತು ಬಿ12 ಜೀವಸತ್ವ ಸೊಪ್ಪಿನಲ್ಲಿ ದೊರೆಯುವುದಿಲ್ಲ. ಆದರೆ ದಿನವೂ ಹಾಲು ಕೊಳ್ಳಲಾಗದ ಮನೆಗೆ, ಈಗಾಗಲೇ ಹಣ ಕೊಟ್ಟು ತಂದ ಮೂಲಂಗಿಯ ಜೊತೆಯಲ್ಲೇ ಬರುವ ಈ ಲಾಭವನ್ನು ಬಿಟ್ಟುಕೊಡಲು ಕಾರಣವಿಲ್ಲ.

ದೇಹಕ್ಕೆ ದಕ್ಕುವ ಕ್ಯಾಲ್ಸಿಯಂ

ಆಹಾರದಲ್ಲಿರುವ ಪೋಷಕಾಂಶವೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಅಂಶವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಕರುಳು ಅದನ್ನು ಹೀರಿಕೊಳ್ಳಲಾಗದು. ಕೋಸು ಕುಟುಂಬದ ಸೊಪ್ಪುಗಳಲ್ಲಿ ಆಕ್ಸಲೇಟ್ ಬಹಳ ಕಡಿಮೆ.

ಅಮೆರಿಕದ ವಿಜ್ಞಾನಿಗಳಾದ ರಾಬರ್ಟ್ ಹೀನಿ ಮತ್ತು ಕಾನಿ ವೀವರ್ ಅವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಲ್ ಸೊಪ್ಪಿನ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 41ರಷ್ಟು ಹೀರಿಕೆಯಾದರೆ, ಹಾಲಿನಿಂದ ಸುಮಾರು ಶೇ. 32ರಷ್ಟು ಹೀರಿಕೆಯಾಗಿರುವುದು ಕಂಡುಬಂದಿತು. ಇದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಪಾಲಕ್ ಸೊಪ್ಪಿನಿಂದ ಹೀರಿಕೆಯಾದುದು ಶೇ. 5ರ ಆಸುಪಾಸಿನಲ್ಲಿ ಮಾತ್ರ. ಸೊಪ್ಪೆಂದರೆ ಪಾಲಕ್ ಎಂಬ ಭಾವನೆ ನಗರಗಳಲ್ಲಿ ಬೇರೂರಿರುವ ಈ ದಿನಗಳಲ್ಲಿ ಗೃಹಿಣಿಯರು ಹಾಗೂ ಸಾಮೂಹಿಕ ಅಡುಗೆಮನೆಗಳ ನಿರ್ವಾಹಕರು ಈ ಅಂಶವನ್ನು ಗಮನಿಸುವುದು ಸೂಕ್ತ.

ಕಬ್ಬಿಣ ಮತ್ತು ಇತರ ಪೋಷಕಾಂಶಗಳು

ಸೊಪ್ಪುಗಳಲ್ಲಿರುವ ಕಬ್ಬಿಣಾಂಶದ ಕುರಿತು ವಿವಿಧ ಪಟ್ಟಿಗಳಲ್ಲಿ ಪರಸ್ಪರ ಹೊಂದದ ಅಂಕಿಗಳು ಕಂಡುಬರುತ್ತವೆ. ಎಲೆಗೆ ಅಂಟಿದ ಮಣ್ಣು ಪೂರ್ಣವಾಗಿ ತೊಳೆದುಹೋಗದಿದ್ದಲ್ಲಿ ಮಣ್ಣಿನ ಕಬ್ಬಿಣವೂ ಲೆಕ್ಕಕ್ಕೆ ಸೇರುವುದು ಇದಕ್ಕೆ ಒಂದು ಕಾರಣ. ಆದುದರಿಂದ ಯಾವುದೋ ಒಂದು ದೊಡ್ಡ ಅಂಕಿಯನ್ನು ನಂಬಿ ಸೊಪ್ಪನ್ನೇ ಔಷಧವೆಂದು ಭಾವಿಸುವುದು ಸರಿಯಲ್ಲ. 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಅಗತ್ಯವಿದ್ದು, ಇದನ್ನು ಧಾನ್ಯ, ಕಾಳು, ಸೊಪ್ಪು ಮತ್ತು ಇತರ ಆಹಾರಗಳ ಒಟ್ಟು ಸೇವನೆಯಿಂದಲೇ ತುಂಬಿಸಿಕೊಳ್ಳಬೇಕಾಗುತ್ತದೆ.

ಸಸ್ಯಮೂಲದ ಕಬ್ಬಿಣವು ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ. ಈ ಕುಟುಂಬದ ಸೊಪ್ಪುಗಳಲ್ಲಿ ಸಿ ಜೀವಸತ್ವವು ಸಹಜವಾಗಿಯೇ ಇರುವುದು ಒಂದು ಅನುಕೂಲ. ಆದರೆ ಬೇಯಿಸುವಾಗ ಅದರ ಒಂದು ಭಾಗ ನಷ್ಟವಾಗುವುದರಿಂದ ಒಲೆಯಿಂದ ಇಳಿಸಿದ ನಂತರ ನಿಂಬೆರಸ ಹಿಂಡುವುದು ಉತ್ತಮ. ರಾಗಿಯಲ್ಲಿರುವ ಫೈಟೇಟ್ ಅಂಶವು ಕಬ್ಬಿಣದ ಹೀರಿಕೆಯನ್ನು ತಗ್ಗಿಸುವುದರಿಂದ ಮುದ್ದೆಯೂಟದಲ್ಲಿ ನಿಂಬೆ ಇನ್ನಷ್ಟು ಪ್ರಯೋಜನಕಾರಿ. ಊಟದ ಜೊತೆಯಲ್ಲಿ ಅಥವಾ ಊಟವಾದ ಕೂಡಲೇ ಚಹಾ, ಕಾಫಿ ಸೇವಿಸಿದಲ್ಲಿ ಹೀರಿಕೆ ಕುಂಠಿತವಾಗುತ್ತದೆ. ಕನಿಷ್ಠ ಒಂದು ಗಂಟೆಯ ಅಂತರ ಇರಬೇಕು.

ಈ ಸೊಪ್ಪುಗಳಲ್ಲಿ ರಕ್ತಕಣಗಳ ಉತ್ಪತ್ತಿಗೆ ಮತ್ತು ಗರ್ಭಸ್ಥ ಶಿಶುವಿನ ನರಮಂಡಲದ ಬೆಳವಣಿಗೆಗೆ ಬೇಕಾದ ಫೋಲೇಟ್, ರಕ್ತ ಹೆಪ್ಪುಗಟ್ಟಲು ಹಾಗೂ ಮೂಳೆಗಳಿಗೆ ಬೇಕಾದ ಕೆ ಜೀವಸತ್ವ ಮತ್ತು ನಾರಿನಂಶ ಉತ್ತಮ ಪ್ರಮಾಣದಲ್ಲಿವೆ. ಕ್ಯಾರೊಟಿನ್ ದೇಹಗತವಾಗಲು ಅಲ್ಪ ಪ್ರಮಾಣದ ಎಣ್ಣೆ ಅಗತ್ಯವಿದ್ದು, ಒಂದೆರಡು ಚಮಚದ ಒಗ್ಗರಣೆಯಿಂದ ಆ ಅಗತ್ಯ ಪೂರೈಸುತ್ತದೆ.

ಕಹಿ ಮತ್ತು ಘಾಟಿನ ಕಾರಣ

ಈ ಕುಟುಂಬದ ಗಿಡಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ರಾಸಾಯನಿಕಗಳಿವೆ. ಎಲೆಯ ಜೀವಕೋಶಗಳಲ್ಲಿ ಇವು ಒಂದೆಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದೆಡೆ ಇರುತ್ತವೆ. ಹುಳು ಕಡಿದಾಗ, ಚಾಕು ತಗುಲಿದಾಗ ಅಥವಾ ಹಲ್ಲಿನಲ್ಲಿ ಅಗಿದಾಗ ಕೋಶಗಳು ಒಡೆದು ಇವೆರಡೂ ಬೆರೆಯುತ್ತವೆ. ಆಗ ಐಸೊಥಯೊಸಯನೇಟ್ ಎಂಬ ಘಾಟಿನ ವಸ್ತುಗಳು ಉಂಟಾಗುತ್ತವೆ. ಅರೆದ ಸಾಸಿವೆಯು ಮೂಗಿಗೇರುವುದು, ಹಸಿ ಮೂಲಂಗಿ ನಾಲಗೆಗೆ ಚುರುಕು ಮುಟ್ಟಿಸುವುದು ಇದೇ ಕಾರಣದಿಂದ. ಗಿಡಕ್ಕೆ ಇದು ಕೀಟಗಳಿಂದ ರಕ್ಷಣೆ ಪಡೆಯುವ ಸಾಧನವಾಗಿದೆ.

ಇದೇ ಗುಂಪಿಗೆ ಸೇರಿದ ಸಲ್ಫೊರಫೇನ್ ಎಂಬ ವಸ್ತುವನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ಟಲಾಲೆ ಮತ್ತು ಸಂಗಡಿಗರು 1992ರಲ್ಲಿ ಬ್ರೊಕೋಲಿಯಿಂದ ಬೇರ್ಪಡಿಸಿ, ಅದು ದೇಹದ ಕೋಶಗಳ ರಕ್ಷಣಾ ಕಿಣ್ವಗಳನ್ನು ಪ್ರಚೋದಿಸುವುದನ್ನು ತೋರಿಸಿದರು. ಅಂದಿನಿಂದ ಈ ವಸ್ತುಗಳ ಬಗ್ಗೆ ವಿಶ್ವದಾದ್ಯಂತ ಸಂಶೋಧನೆ ನಡೆಯುತ್ತಿದೆ. ಆದರೆ ಈ ಸೊಪ್ಪುಗಳು ಯಾವುದೇ ರೋಗವನ್ನು ಗುಣಪಡಿಸುತ್ತವೆ ಎಂದು ಭಾವಿಸತಕ್ಕದ್ದಲ್ಲ.

ಕಹಿಯನ್ನು ಗ್ರಹಿಸುವ ಶಕ್ತಿ ಎಲ್ಲರಲ್ಲಿಯೂ ಸಮನಾಗಿಲ್ಲ. ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರು 1931ರಲ್ಲಿ ಒಂದೇ ರಾಸಾಯನಿಕವು ಕೆಲವರಿಗೆ ತೀವ್ರ ಕಹಿಯಾಗಿಯೂ ಕೆಲವರಿಗೆ ರುಚಿಯೇ ಇಲ್ಲದಂತೆಯೂ ತೋರುವುದನ್ನು ವರದಿ ಮಾಡಿದರು. ಇದಕ್ಕೆ ಕಾರಣವಾದ ವಂಶವಾಹಿಯು 2003ರಲ್ಲಿ ಪತ್ತೆಯಾಯಿತು. ಕೋಸು ಕುಟುಂಬದ ತರಕಾರಿಗಳ ಕಹಿಯನ್ನು ಗ್ರಹಿಸುವಲ್ಲಿಯೂ ಇದೇ ವಂಶವಾಹಿಯ ಪಾತ್ರವಿದೆ. ಸಾಮಾನ್ಯವಾಗಿ ಮಕ್ಕಳು ದೊಡ್ಡವರಿಗಿಂತ ಕಹಿಗೆ ಹೆಚ್ಚು ಸೂಕ್ಷ್ಮವಾಗಿರುತ್ತಾರೆ. ಮಗುವು ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುವುದು ಹಠವೇ ಆಗಿರಬೇಕೆಂದಿಲ್ಲ. ಅದರ ನಾಲಗೆಗೆ ಕಹಿ ನಿಜವಾಗಿಯೂ ಹೆಚ್ಚಾಗಿರಬಹುದು. ಗದರಿಸಿ ತಿನ್ನಿಸುವುದಕ್ಕಿಂತ, ಸ್ವಲ್ಪ ಸ್ವಲ್ಪವಾಗಿ ಎಂಟು ಹತ್ತು ಬಾರಿ ಬಡಿಸಿ ಅಭ್ಯಾಸ ಮಾಡಿಸುವುದು ಫಲಕಾರಿ.

ರುಚಿಯನ್ನು ಹೊಂದಿಸುವ ಕ್ರಮಗಳು

1. ಎಳೆಯ ಎಲೆಗಳ ಆಯ್ಕೆ: ಎಳೆಯ ಎಲೆಯಲ್ಲಿ ಒರಟುತನ ಕಡಿಮೆ. ಬೇಸಿಗೆಯ ಬಿಸಿಲಿನಲ್ಲಿ, ನೀರಿನ ಕೊರತೆಯಲ್ಲಿ ಬೆಳೆದ ಹಾಗೂ ಹೂ ಬಿಟ್ಟ ಗಿಡದ ಎಲೆ ಹೆಚ್ಚು ಘಾಟಾಗಿರುತ್ತದೆ. ಚಳಿಗಾಲದ ಬೆಳೆ ಮೃದುವೂ ರುಚಿಕರವೂ ಆಗಿರುತ್ತದೆ.

2. ಸಣ್ಣಗೆ ಹೆಚ್ಚುವುದು: ಮೂಲಂಗಿ ಸೊಪ್ಪಿನ ಮೇಲೆ ಒರಟು ರೋಮಗಳಿರುತ್ತವೆ. ಸಣ್ಣಗೆ ಹೆಚ್ಚಿ ಬೇಯಿಸಿದಾಗ ಅವು ಮೆತ್ತಗಾಗುತ್ತವೆ. ನವಿಲುಕೋಸು ಮತ್ತು ಹೂಕೋಸಿನ ಎಲೆಯ ನಡುವಿನ ದಪ್ಪ ನರವನ್ನು ಬೇರ್ಪಡಿಸಿ, ಅದನ್ನು ಮೊದಲು ಬೇಯಲು ಹಾಕಿ, ಎಲೆಯನ್ನು ನಂತರ ಸೇರಿಸುವುದು ಸೂಕ್ತ.

3. ಪಾತ್ರೆಯನ್ನು ತೆರೆದಿಟ್ಟು ಬೇಯಿಸುವುದು: ಮೊದಲ ಕೆಲವು ನಿಮಿಷ ಮುಚ್ಚಳ ತೆಗೆದಿಟ್ಟರೆ ಗಂಧಕದ ವಾಸನೆ ಹಾರಿಹೋಗುತ್ತದೆ ಮತ್ತು ಹಸಿರು ಬಣ್ಣ ಉಳಿಯುತ್ತದೆ. ಅತಿಯಾಗಿ ಬೇಯಿಸಿದಷ್ಟೂ ವಾಸನೆ ಹೆಚ್ಚುತ್ತದೆ.

4. ಕಹಿಯನ್ನು ತಗ್ಗಿಸುವ ಜೊತೆಗಾರರು: ಉಪ್ಪು, ಎಣ್ಣೆಯಂಶ ಮತ್ತು ಸಿಹಿಯು ನಾಲಗೆಗೆ ಕಹಿ ತಿಳಿಯದಂತೆ ಮಾಡುತ್ತವೆ. ತೆಂಗಿನ ತುರಿ, ಕಡಲೆಕಾಯಿ ಪುಡಿ, ಹುರಿದ ಎಳ್ಳು, ಬೇಳೆ ಮತ್ತು ಈರುಳ್ಳಿ ಈ ಕಾರ್ಯವನ್ನು ನೆರವೇರಿಸುತ್ತವೆ.

ಕರ್ನಾಟಕದ ಅಡುಗೆಯಲ್ಲಿ

ಹಳೆಯ ಮೈಸೂರು ಭಾಗದ ಬಸ್ಸಾರು ಈ ಸೊಪ್ಪುಗಳಿಗೆ ಬಹಳ ಯೋಗ್ಯವಾದ ವಿಧಾನ. ತೊಗರಿಬೇಳೆ ಅಥವಾ ಹುರುಳಿ, ಅಲಸಂದೆಯಂತಹ ಕಾಳಿನೊಂದಿಗೆ ಸೊಪ್ಪನ್ನು ಬೇಯಿಸಿ, ಕಟ್ಟನ್ನು ಬಸಿದುಕೊಳ್ಳಲಾಗುತ್ತದೆ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಜೀರಿಗೆ, ಮೆಣಸು ಮತ್ತು ಹುಣಸೆಹಣ್ಣಿನ ಮಸಾಲೆ ಸೇರಿಸಿದರೆ ಸಾರು; ಉಳಿದ ಸೊಪ್ಪು ಮತ್ತು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಸೊಪ್ಪನ್ನು ನೀರಿನಲ್ಲಿ ಬೇಯಿಸಿದಾಗ ಫೋಲೇಟ್, ಸಿ ಜೀವಸತ್ವ ಹಾಗೂ ಕೆಲವು ಲವಣಾಂಶಗಳು ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲಿದರೆ ಅವೂ ಹೋಗುತ್ತವೆ. ಬಸ್ಸಾರಿನಲ್ಲಿ ಅದೇ ನೀರು ಸಾರಾಗಿ ಊಟದ ತಟ್ಟೆಗೆ ಬರುತ್ತದೆ. ಕಟ್ಟಿಗೆ ಇಳಿದ ಕಹಿಯನ್ನು ಹುಳಿ ಮತ್ತು ಮಸಾಲೆ ಮರೆಸುತ್ತವೆ; ಕಹಿ ಬಿಟ್ಟುಕೊಟ್ಟ ಸೊಪ್ಪು ಮಕ್ಕಳಿಗೂ ಹಿತವಾಗುತ್ತದೆ.

ಮಸ್ಸೊಪ್ಪಿನಲ್ಲಿ ಮೂಲಂಗಿ ಅಥವಾ ನವಿಲುಕೋಸಿನ ಎಲೆಯನ್ನು ಒಂದು ಪಾಲು, ದಂಟು ಅಥವಾ ಹರಿವೆಯಂತಹ ಸೌಮ್ಯ ಸೊಪ್ಪನ್ನು ಎರಡು ಪಾಲು ಬೆರೆಸಿ ಬೇಳೆಯೊಂದಿಗೆ ಮಸೆದರೆ ಘಾಟು ತಿಳಿಯುವುದಿಲ್ಲ. ಅಕ್ಕಿ ರೊಟ್ಟಿ ಮತ್ತು ರಾಗಿ ರೊಟ್ಟಿಯ ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಮೂಲಂಗಿ ಸೊಪ್ಪನ್ನು ಈರುಳ್ಳಿಯೊಂದಿಗೆ ಕಲಸಬಹುದು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆಗೆ ಎಳೆಯ ಮೂಲಂಗಿ ಸೊಪ್ಪನ್ನು ಹಸಿಯಾಗಿಯೇ, ಶೇಂಗಾ ಚಟ್ನಿಪುಡಿ ಹಾಗೂ ಎಣ್ಣೆಯೊಂದಿಗೆ ತಿನ್ನುವ ರೂಢಿಯಿದೆ. ಹಸಿಯಾಗಿ ತಿಂದಾಗ ಸಿ ಜೀವಸತ್ವವು ನಷ್ಟವಾಗದೆ ದೊರೆಯುತ್ತದೆ.

ಮಲೆನಾಡಿನಲ್ಲಿ ತೆಂಗಿನಕಾಯಿಯೊಂದಿಗೆ ಹಸಿ ಸಾಸಿವೆಯನ್ನು ಅರೆದು, ಮೊಸರು ಬೆರೆಸಿ ಮಾಡುವ ಸಾಸಿವೆ ಎಂಬ ವ್ಯಂಜನವು ಇನ್ನೊಂದು ದೃಷ್ಟಿಯಿಂದ ಗಮನಾರ್ಹ. ಬೇಯಿಸಿದಾಗ ಸೊಪ್ಪಿನಲ್ಲಿರುವ ಮೈರೋಸಿನೇಸ್ ಕಿಣ್ವವು ನಾಶವಾಗುತ್ತದೆ. ಬೇಯಿಸಿದ ಬ್ರೊಕೋಲಿಗೆ ಹಸಿ ಸಾಸಿವೆ ಪುಡಿ ಬೆರೆಸಿದಾಗ, ಸಾಸಿವೆಯಲ್ಲಿರುವ ಕಿಣ್ವದ ನೆರವಿನಿಂದ ಸಲ್ಫೊರಫೇನ್ ಹೆಚ್ಚು ದೊರೆಯುವುದನ್ನು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಬೇಯಿಸಿ ಆರಿಸಿದ ನವಿಲುಕೋಸಿನ ಎಲೆಯಿಂದಲೂ ಈ ವ್ಯಂಜನವನ್ನು ಸಿದ್ಧಪಡಿಸಬಹುದು. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಲ್ಲಿ ಈ ಕಿಣ್ವ ಉಳಿದಿರುವುದಿಲ್ಲ.

ಇತರ ಪ್ರದೇಶಗಳ ರೂಢಿ

ಕರ್ನಾಟಕದಲ್ಲಿ ಕಡೆಗಣಿಸಲಾದ ಈ ಎಲೆಗಳು ಇತರೆಡೆ ಊಟದ ಪ್ರಧಾನ ಭಾಗವಾಗಿವೆ. ಪಂಜಾಬಿನಲ್ಲಿ ಚಳಿಗಾಲದ ಸಾಸಿವೆ ಸೊಪ್ಪಿನೊಂದಿಗೆ ಪಾಲಕ್ ಮತ್ತು ಚಕ್ಕೋತ ಸೊಪ್ಪನ್ನು ಬೆರೆಸಿ, ನಿಧಾನವಾಗಿ ಬೇಯಿಸಿ ಮಸೆದು, ಮೆಕ್ಕೆಜೋಳದ ಹಿಟ್ಟು ಹಾಗೂ ಬೆಣ್ಣೆ ಸೇರಿಸಿ, ಮೆಕ್ಕೆಜೋಳದ ರೊಟ್ಟಿಯೊಂದಿಗೆ ಬಡಿಸುತ್ತಾರೆ. ಕಾಶ್ಮೀರದಲ್ಲಿ ಹಾಕ್ ಎಂಬ ಸೊಪ್ಪನ್ನು ಸಾಸಿವೆ ಎಣ್ಣೆ, ಮೆಣಸಿನಕಾಯಿ ಹಾಗೂ ಇಂಗಿನೊಂದಿಗೆ ತೆಳ್ಳಗೆ ಬೇಯಿಸಿ ಅನ್ನದ ಜೊತೆ ಉಣ್ಣುತ್ತಾರೆ. ಅಲ್ಲಿ ನವಿಲುಕೋಸನ್ನೂ ಎಲೆಸಹಿತವಾಗಿಯೇ ಅಡುಗೆ ಮಾಡುತ್ತಾರೆ. ನೇಪಾಳ ಮತ್ತು ಸಿಕ್ಕಿಂನಲ್ಲಿ ಸಾಸಿವೆ, ಮೂಲಂಗಿ ಹಾಗೂ ಹೂಕೋಸಿನ ಎಲೆಗಳನ್ನು ಬಾಡಿಸಿ, ಅದುಮಿ ಹುದುಗಿಸಿ, ಬಿಸಿಲಿನಲ್ಲಿ ಒಣಗಿಸಿ ಗುಂಡ್ರುಕ್ ಎಂಬ ಹೆಸರಿನಲ್ಲಿ ಸಂಗ್ರಹಿಸಿಟ್ಟು, ಸೊಪ್ಪು ಸಿಗದ ದಿನಗಳಲ್ಲಿ ಸಾರು ಮಾಡುತ್ತಾರೆ.

ಖರೀದಿ, ಸ್ವಚ್ಛತೆ ಮತ್ತು ಸಂಗ್ರಹಣೆ

1. ಎಲೆಸಹಿತವಾದ ಮೂಲಂಗಿ ಹಾಗೂ ನವಿಲುಕೋಸನ್ನೇ ಆರಿಸಬೇಕು. ಎಲೆ ನಳನಳಿಸುತ್ತಿದ್ದರೆ ಗೆಡ್ಡೆಯೂ ತಾಜಾ ಎಂದು ತಿಳಿಯಬಹುದು.

2. ಮನೆಗೆ ತಂದ ಕೂಡಲೇ ಎಲೆಯನ್ನು ಗೆಡ್ಡೆಯಿಂದ ಬೇರ್ಪಡಿಸಬೇಕು. ಎಲೆಯು ಗೆಡ್ಡೆಯ ತೇವಾಂಶವನ್ನು ಹೀರುವುದರಿಂದ ಗೆಡ್ಡೆ ಬೇಗ ಬೆಂಡಾಗುತ್ತದೆ.

3. ಹಳದಿಯಾದ, ಕೊಳೆತ ಎಲೆಗಳನ್ನು ತೆಗೆದುಹಾಕಿ, ಅಗಲವಾದ ಪಾತ್ರೆಯ ನೀರಿನಲ್ಲಿ ಮೂರು ನಾಲ್ಕು ಬಾರಿ ಜಾಲಾಡಿ, ಮಣ್ಣು ತಳದಲ್ಲಿ ಉಳಿಯುವಂತೆ ಎಲೆಗಳನ್ನು ಮೇಲಕ್ಕೆ ಎತ್ತಿಕೊಳ್ಳಬೇಕು. ಹುಳುಗಳಿದ್ದಲ್ಲಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕು. ತೊಳೆದ ನಂತರವೇ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಪೋಷಕಾಂಶಗಳು ನೀರಿನೊಡನೆ ಹೋಗುತ್ತವೆ.

4. ಹೂಕೋಸು ಮತ್ತು ಎಲೆಕೋಸಿನ ತೀರ ಹೊರಗಿನ ಎಲೆಗಳ ಮೇಲೆ ಕೀಟನಾಶಕದ ಶೇಷ ಇರುವ ಸಂಭವ ಹೆಚ್ಚು. ತೊಳೆಯುವುದರಿಂದ ಮೇಲ್ಮೈಯ ಶೇಷ ಮಾತ್ರ ಕಡಿಮೆಯಾಗುತ್ತದೆ. ಆದುದರಿಂದ ಹೊರಸುತ್ತನ್ನು ಬಿಟ್ಟು ಒಳಗಿನ ಎಳೆಯ ಹಸಿರು ಎಲೆಗಳನ್ನು ಉಪಯೋಗಿಸುವುದು, ಸಾಧ್ಯವಾದಲ್ಲಿ ಪರಿಚಿತ ಬೆಳೆಗಾರರಿಂದ ಕೊಳ್ಳುವುದು ಕ್ಷೇಮಕರ.

5. ತೇವ ಆರಿಸಿ ಬಟ್ಟೆಯಲ್ಲಿ ಸುತ್ತಿ ತಂಪಾದ ಸ್ಥಳದಲ್ಲಿಟ್ಟರೂ ಎರಡು ದಿನಗಳೊಳಗೆ ಬಳಸಬೇಕು. ದಿನ ಕಳೆದಂತೆ ಸಿ ಜೀವಸತ್ವ ಕುಗ್ಗುತ್ತದೆ.

ಮನೆಯಂಗಳದಲ್ಲಿ ಬೆಳೆಯುವ ವಿಧಾನ

ಸೊಪ್ಪಿಗಾಗಿ ಮೂಲಂಗಿ ಮತ್ತು ಸಾಸಿವೆಯನ್ನು ಕುಂಡ, ಹಳೆಯ ಬಕೆಟ್ ಅಥವಾ ಮಡಿಗಳಲ್ಲಿ ಸುಲಭವಾಗಿ ಬೆಳೆಯಬಹುದು. ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಂಪಿನ ಅವಧಿ ಉತ್ತಮ. ಮಣ್ಣಿಗೆ ಕೊಳೆತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿ, ಒಂದು ಸೆಂ.ಮೀ. ಆಳದಲ್ಲಿ ಸಾಲಾಗಿ ಬೀಜ ಬಿತ್ತಿ, ಮಣ್ಣು ಒಣಗದಂತೆ ನೀರು ಕೊಟ್ಟಲ್ಲಿ ಕೆಲವೇ ದಿನಗಳಲ್ಲಿ ಮೊಳಕೆ ಕಾಣುತ್ತದೆ. ಒತ್ತಾದ ಸಸಿಗಳನ್ನು ಕಿತ್ತು, ತೊಳೆದು ಕೋಸಂಬರಿಗೆ ಬಳಸಬಹುದು. 25ರಿಂದ 30 ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಹೊರಗಿನ ಎಲೆಗಳನ್ನು ಮಾತ್ರ ಬಿಡಿಸಿಕೊಂಡರೆ ಅದೇ ಗಿಡದಿಂದ ಮತ್ತೆ ಮತ್ತೆ ಸೊಪ್ಪು ದೊರೆಯುತ್ತದೆ. ಬಿತ್ತನೆಗಾಗಿ ರಾಸಾಯನಿಕದಿಂದ ಉಪಚರಿಸಿದ ಬೀಜವನ್ನು ಯಾವ ಕಾರಣಕ್ಕೂ ತಿನ್ನಬಾರದು. ಅದರ ಮೊಳಕೆಯನ್ನೂ ಬಳಸಬಾರದು.

ರೈತರಿಗೆ ಒಂದು ಸೂಚನೆ. ಎಲೆಕೋಸನ್ನು ಕಾಡುವ ವಜ್ರಬೆನ್ನಿನ ಪತಂಗದ ಹತೋಟಿಗಾಗಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಾಸಿವೆಯನ್ನು ಬಲೆ ಬೆಳೆಯಾಗಿ ಬೆಳೆಸುವ ವಿಧಾನವನ್ನು ರೂಪಿಸಿದೆ. ಇದರಲ್ಲಿ ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ ಇರುತ್ತದೆ. ಒಂದು ಸಾಲನ್ನು ಎಲೆಕೋಸಿನ ನಾಟಿಗೆ 15 ದಿನ ಮುಂಚೆ, ಇನ್ನೊಂದನ್ನು ನಾಟಿ ಮಾಡಿದ 25 ದಿನಗಳ ನಂತರ ಬಿತ್ತಲಾಗುತ್ತದೆ. ಕೀಟಗಳು ಸಾಸಿವೆಯ ಕಡೆಗೆ ಆಕರ್ಷಿತವಾಗುವುದರಿಂದ ಕೀಟನಾಶಕವನ್ನು ಆ ಸಾಲಿಗೆ ಸಿಂಪಡಿಸಲಾಗುತ್ತದೆ. ಈ ಸಾಲುಗಳ ಸಾಸಿವೆ ಸೊಪ್ಪನ್ನು ಊಟಕ್ಕೆ ಬಳಸಬಾರದು, ಮಾರಾಟಕ್ಕೂ ಕಳುಹಿಸಬಾರದು.

ಎಚ್ಚರಿಕೆಗಳು

1. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂತಹ ಔಷಧ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಹಠಾತ್ತಾಗಿ ಹೆಚ್ಚಿಸುವುದಾಗಲೀ ಕಡಿಮೆ ಮಾಡುವುದಾಗಲೀ ಸಲ್ಲದು. ಕೆ ಜೀವಸತ್ವವು ಈ ಔಷಧದ ಪರಿಣಾಮವನ್ನು ಬದಲಿಸುತ್ತದೆ. ವೈದ್ಯರ ಸಲಹೆ ಪಡೆಯಬೇಕು.

2. ಎಲೆಕೋಸನ್ನೇ ತಿನ್ನಿಸಿದ ಮೊಲಗಳಲ್ಲಿ ಗಳಗಂಡ ಉಂಟಾಗುವುದು 1928ರಲ್ಲಿಯೇ ವರದಿಯಾಗಿತ್ತು. ಆದರೆ ಅಯೋಡಿನ್‌ಯುಕ್ತ ಉಪ್ಪನ್ನು ಬಳಸುತ್ತ, ಬೇಯಿಸಿದ ಸೊಪ್ಪನ್ನು ಸಾಮಾನ್ಯ ಪ್ರಮಾಣದಲ್ಲಿ ತಿನ್ನುವ ಆರೋಗ್ಯವಂತರಿಗೆ ಆತಂಕದ ಅಗತ್ಯವಿಲ್ಲ. ಥೈರಾಯ್ಡ್ ತೊಂದರೆಯಿರುವವರು ಹಸಿ ಸೊಪ್ಪನ್ನು ಅಧಿಕವಾಗಿ ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕು.

3. ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಮಿತಿಗೊಳಿಸಿರುವವರು ವೈದ್ಯರು ಸೂಚಿಸಿದ ಪಥ್ಯವನ್ನೇ ಪಾಲಿಸಬೇಕು.

4. ಗರ್ಭಿಣಿಯರು, ಹದಿಹರೆಯದ ಹೆಣ್ಣುಮಕ್ಕಳು ಹಾಗೂ ರಕ್ತಹೀನತೆಯುಳ್ಳವರು ಆರೋಗ್ಯ ಕೇಂದ್ರದಲ್ಲಿ ನೀಡಲಾಗುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸೊಪ್ಪು ತಿನ್ನುತ್ತಿರುವ ಕಾರಣಕ್ಕೆ ನಿಲ್ಲಿಸಬಾರದು. ಸೊಪ್ಪು ಮಾತ್ರೆಗೆ ಪೂರಕವೇ ಹೊರತು ಪರ್ಯಾಯವಲ್ಲ.

5. ಬೇಯಿಸಿದ ಸೊಪ್ಪಿನ ಪದಾರ್ಥವನ್ನು ರಾತ್ರಿಯಿಡೀ ಹೊರಗಿಟ್ಟು ಮರುದಿನ ಬಳಸಬಾರದು.

ಸಾರಾಂಶ

ಮೂಲಂಗಿ, ನವಿಲುಕೋಸು ಮತ್ತು ಹೂಕೋಸಿನ ಎಲೆಗಳಿಗೆ ಪ್ರತ್ಯೇಕ ಖರ್ಚಿಲ್ಲ. ತರಕಾರಿಯ ಬೆಲೆಯಲ್ಲಿಯೇ ಅವು ಅಡಕವಾಗಿವೆ. ಅವುಗಳ ಕ್ಯಾಲ್ಸಿಯಂ ಪಾಲಕ್ ಸೊಪ್ಪಿನದಕ್ಕಿಂತ ಉತ್ತಮವಾಗಿ ದೇಹಕ್ಕೆ ದಕ್ಕುತ್ತದೆ. ಕ್ಯಾರೊಟಿನ್, ಫೋಲೇಟ್ ಮತ್ತು ಸಿ ಜೀವಸತ್ವಗಳು ಅದರೊಂದಿಗೆ ಸೇರುತ್ತವೆ. ಕಹಿ ಮತ್ತು ಘಾಟನ್ನು ಹದಕ್ಕೆ ತರುವ ಬಸ್ಸಾರು, ಮಸ್ಸೊಪ್ಪು, ರೊಟ್ಟಿ ಮತ್ತು ಸಾಸಿವೆಯಂತಹ ವಿಧಾನಗಳು ನಾಡಿನ ಅಡುಗೆಮನೆಗಳಲ್ಲಿ ಹಿಂದಿನಿಂದಲೂ ಇವೆ. ವಾರದಲ್ಲಿ ಎರಡು ಮೂರು ದಿನವಾದರೂ ಈ ಎಲೆಗಳನ್ನು ಊಟದಲ್ಲಿ ಸೇರಿಸಿಕೊಳ್ಳುವುದು, ಸಂತೆಯಲ್ಲಿ ಸೊಪ್ಪನ್ನು ತೆಗೆಸದೆ ಗೆಡ್ಡೆಯೊಂದಿಗೆ ಮನೆಗೆ ತರುವುದು ಪ್ರತಿಯೊಂದು ಕುಟುಂಬಕ್ಕೂ ಸಾಧ್ಯವಿರುವ ಕ್ರಮವಾಗಿದೆ.

ಕೈತೋಟದ ಕುರಿತು ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕು ಮಟ್ಟದ ತೋಟಗಾರಿಕೆ ಇಲಾಖೆಯ ಕಚೇರಿಯನ್ನು, ರಕ್ತಹೀನತೆಯ ತಪಾಸಣೆ ಮತ್ತು ಆಹಾರ ಸಲಹೆಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಅಂಗನವಾಡಿ ಕೇಂದ್ರವನ್ನು ಸಂಪರ್ಕಿಸಬಹುದು.